ಎಂಟು ದಿನದ ತವರು

ಶುಕ್ರವಾರ ಸಂಜೆ ದಾಂಡೇಲಿಯಿಂದ ಗಣೇಶಗುಡಿಗೆ ಹೋಗುವ ರಸ್ತೆಯ ಬದಿಗೆ ಸ್ವಲ್ಪ ಹೊತ್ತು ನಿಂತರೆ ಸಾಕು, ನಮ್ಮ ಸೀಮೆಯ ಈಗಿನ ಕಸುಬು ಏನು ಅನ್ನುವುದು ಗೊತ್ತಾಗುತ್ತದೆ. ಬೆಂಗಳೂರಿನ ಕಾರು, ಹುಬ್ಬಳ್ಳಿಯ ಕಾರು, ಬೆಳಗಾವಿ ಮತ್ತು ಗೋವಾದ ಕಾರುಗಳು ಸಾಲುಗಟ್ಟಿ ಬರುತ್ತವೆ. ಕಾಳಿ ಹೊಳೆಯಲ್ಲಿ ರಾಫ್ಟಿಂಗ್, ಬೆಳಗಿನ ಸಫಾರಿ, ಮಂಗಟ್ಟೆ ಹಕ್ಕಿ ನೋಡುವ ಆಸೆ. ರಸ್ತೆಯ ಎರಡೂ ಬದಿಗೆ ಹೋಮ್‌ಸ್ಟೇ ಬೋರ್ಡುಗಳು. ಜೋಯಿಡಾದ ಒಳ ಹಳ್ಳಿಗಳಲ್ಲೂ ಈಗ ಅಡಿಕೆ ತೋಟದ ಮಗ್ಗುಲಿಗೆ ಎರಡು ಕೋಣೆ ಕಟ್ಟಿ, ಹಾಸಿಗೆ ಹಾಕಿ, ಬಿಸಿನೀರಿನ ವ್ಯವಸ್ಥೆ ಮಾಡಿಟ್ಟಿದ್ದಾರೆ. ಮನೆಯ ಹೆಂಗಸರು ಹಿಂದಿನ ದಿನವೇ ಫೋನಿನಲ್ಲಿ ವಿಚಾರಿಸಿಕೊಳ್ಳುತ್ತಾರೆ: ಎಷ್ಟು ಜನ, ಮೀನು ತಿನ್ನುತ್ತೀರೋ ಇಲ್ಲವೋ, ಖಾರ ಕಡಿಮೆ ಬೇಕಾದವರು ಯಾರು, ಅಜ್ಜ-ಅಜ್ಜಿ ಇದ್ದರೆ ಮೆಟ್ಟಿಲಿಲ್ಲದ ಕೋಣೆ ಕೊಡೋಣವೇ. ಗುರುತು ಪರಿಚಯವಿಲ್ಲದವರನ್ನು ಎರಡು ರಾತ್ರಿ ಮನೆಯವರಂತೆ ಇಟ್ಟುಕೊಂಡು ಕಳಿಸುವ ವಿದ್ಯೆಯನ್ನು ನಮ್ಮ ಜನ ಚೆನ್ನಾಗಿ ಕಲಿತಿದ್ದಾರೆ. ಇದು ನನಗೆ ಹೆಮ್ಮೆಯ ಸಂಗತಿ.

ಆ ಬೋರ್ಡುಗಳನ್ನು ನೋಡಿದಾಗಲೆಲ್ಲ ಹಳಿಯಾಳದ ನಮ್ಮ ಓಣಿಯ ಒಬ್ಬ ತಾಯಿಯ ನೆನಪು ಬರುತ್ತದೆ. ಮಗನಿಗೆ ಇಪ್ಪತ್ತು ದಾಟಿದೆ. ಹುಟ್ಟುವಾಗಲೇ ಸೆರೆಬ್ರಲ್ ಪಾಲ್ಸಿ. ಕೈಕಾಲು ಬಿಗಿ, ಮಾತಿಲ್ಲ, ಆಗಾಗ ಫಿಟ್ಸ್. ಆದರೆ ಕಣ್ಣು ಬಹಳ ಚುರುಕು, ಯಾರು ಬಂದರು ಯಾರು ಹೋದರು ಎಲ್ಲ ಗೊತ್ತಾಗುತ್ತದೆ. ಅವನಿಗೆ ಊಟ ಮಾಡಿಸುವುದನ್ನು ಒಮ್ಮೆ ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಅನ್ನ ಸಾರನ್ನು ಕೈಯಲ್ಲೇ ನುಣ್ಣಗೆ ಕಿವುಚುತ್ತಾಳೆ, ಮಿಕ್ಸರಿಗೆ ಹಾಕುವುದಿಲ್ಲ, ಹಾಕಿದರೆ ಅಂಟಾಗಿ ಗಂಟಲಲ್ಲಿ ಹಿಡಿಯುತ್ತದಂತೆ. ಎಡಗೈಯನ್ನು ಅವನ ಕುತ್ತಿಗೆಯ ಹಿಂದೆ ಕೊಟ್ಟು, ಗದ್ದ ಸ್ವಲ್ಪ ಕೆಳಗೆ ಬರುವಂತೆ ಹಿಡಿದು, ಸಣ್ಣ ಚಮಚದಲ್ಲಿ ನಾಲಿಗೆಯ ನಡುವೆ ಇಟ್ಟು, ನುಂಗಿದ್ದು ಗಂಟಲಲ್ಲಿ ಕಂಡ ಮೇಲೆ ಇನ್ನೊಂದು ಚಮಚ. ನಡುವೆ ನಗಿಸಬಾರದು, ನಕ್ಕರೆ ನೆತ್ತಿಗೆ ಹತ್ತುತ್ತದೆ. ಒಂದು ಊಟಕ್ಕೆ ಮುಕ್ಕಾಲು ತಾಸು. ದಿನಕ್ಕೆ ಮೂರು ಸಲ. ಅದರ ನಡುವೆ ಎತ್ತುವುದು, ತಿರುಗಿಸಿ ಮಲಗಿಸುವುದು, ಒರೆಸುವುದು, ಬಟ್ಟೆ ಬದಲಿಸುವುದು. ಮಗ ಎಳೆಯನಿದ್ದಾಗ ಸೊಂಟದ ಮೇಲೆ ಕೂರಿಸಿಕೊಂಡು ಓಡಾಡುತ್ತಿದ್ದಳು. ಈಗ ಅವನು ಆಳೆತ್ತರ. ಎತ್ತುವ ಕೈಗಳು ಮಾತ್ರ ಅವೇ, ಅವಕ್ಕೂ ವಯಸ್ಸಾಗಿದೆ.

ಎತ್ತಿ ಎತ್ತಿ ಆಕೆಗೆ ಗರ್ಭಕೋಶ ಜಾರಿದೆ. ಆಪರೇಷನ್ ಆಗಬೇಕು, ಆಮೇಲೆ ಒಂದೂವರೆ ತಿಂಗಳು ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದಾರೆ. ಹೇಳಿ ಬಹಳ ಕಾಲವಾಯಿತು. ಕೇಳಿದರೆ, "ಯಾರ ಕೈಯಾಗ ಬಿಟ್ಟ ಹೋಗ್ಲಿ ಅಕ್ಕಾರ? ಕೂಲಿ ಬಿಟ್ಟು ಅವರಪ್ಪ ಎಷ್ಟ್ ದಿನ ಕುಂಡ್ರತಾರ? ಮುಂದ ನೋಡೂನು" ಅನ್ನುತ್ತಾಳೆ. ಆ 'ಮುಂದ' ಇನ್ನೂ ಬಂದಿಲ್ಲ.

ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗುತ್ತಾನೆ. ರೊಟ್ಟಿ ಪಂಚಮಿಯ ದಿನದಿಂದ ಹಿಡಿದು ಎಂಟು ಹತ್ತು ದಿನ ತವರಿನಲ್ಲಿ ಇದ್ದು, ಜೋಕಾಲಿ ಆಡಿ, ಶೇಂಗಾ ಉಂಡಿ, ತಂಬಿಟ್ಟು ತಿಂದು, ಅವ್ವನ ಮುಂದೆ ಕುಳಿತು ಮನಸ್ಸಿನಲ್ಲಿ ಇದ್ದದ್ದನ್ನೆಲ್ಲ ಹೇಳಿ ಹಗುರಾಗಿ, ಮಡಿಲು ತುಂಬಿಸಿಕೊಂಡು ಮರಳುತ್ತಾರೆ. ವರ್ಷವಿಡೀ ದುಡಿಯುವ ಹೆಣ್ಣಿಗೆ ಇಷ್ಟಾದರೂ ವಿರಾಮ ಬೇಕು ಅನ್ನುವುದನ್ನು ನಮ್ಮ ಹಿರಿಯರು ಹಬ್ಬದ ಹೆಸರಿನಲ್ಲಿ ಕಟ್ಟಳೆ ಮಾಡಿಟ್ಟರು. ಗಂಡನ ಮನೆಯವರು ಬೇಡ ಅನ್ನುವಂತಿಲ್ಲ, ಹೋಗುವವಳು ಸಂಕೋಚಪಡುವಂತಿಲ್ಲ. ಆದರೆ ಸದಾ ಆರೈಕೆ ಬೇಕಾದ ಮಗುವಿನ ತಾಯಿಗೆ ಈ ಕಟ್ಟಳೆ ಅನ್ವಯಿಸುವುದಿಲ್ಲ. ಮೊದಲ ಕೆಲವು ವರ್ಷ ಮಗುವನ್ನು ಕಟ್ಟಿಕೊಂಡು ಹೋಗುತ್ತಾಳೆ. ಆಮೇಲೆ ಬಸ್ಸಿನಲ್ಲಿ ಕೂರಿಸಲು ಆಗುವುದಿಲ್ಲ. ತವರಿನಲ್ಲಿ ಅತ್ತಿಗೆಯ ಕಾಲ ಬರುತ್ತದೆ, ಅಲ್ಲಿಯ ಕೋಣೆ, ಬಚ್ಚಲು ಅವನಿಗೆ ಹೊಂದುವುದಿಲ್ಲ. ನಿಧಾನಕ್ಕೆ ಹೋಗುವುದೇ ನಿಲ್ಲುತ್ತದೆ. ನಮ್ಮ ಓಣಿಯ ತಾಯಿಯ ತವರು ಇರುವುದು ಕಲಘಟಗಿ ಕಡೆ, ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ಹತ್ತಿರ. ಅವ್ವ ತೀರಿಕೊಂಡಾಗ ಮಣ್ಣಿಗೆ ಹೋದವಳು ದಿನಕರ್ಮಕ್ಕೂ ನಿಲ್ಲದೆ ಬಂದಳು.

ಹಿಂದೆ ಹೀಗಿರಲಿಲ್ಲ, ಕೂಡುಕುಟುಂಬದಲ್ಲಿ ಇಂಥವರು ಹೇಗೋ ಬೆಳೆದುಬಿಡುತ್ತಿದ್ದರು ಎಂದು ಹೇಳುವವರಿದ್ದಾರೆ. ಅರ್ಧ ನಿಜ. ಹತ್ತು ಕೈ ಇರುವ ಮನೆಯಲ್ಲಿ ಒಂದು ಜೋಡಿ ಕೈಗೆ ಬಿಡುವು ಸಿಗುತ್ತಿತ್ತು. ಆದರೆ ಆ ಮನೆಗಳಲ್ಲಿ ಅಂಥ ಮಗುವನ್ನು ಹಿಂದಿನ ಕೋಣೆಯಲ್ಲಿ ಇಟ್ಟು ಬಂದವರ ಕಣ್ಣಿಗೆ ಬೀಳದಂತೆ ನೋಡಿಕೊಂಡದ್ದೂ ಉಂಟು. ಆ ಕಾಲವನ್ನು ಮರಳಿ ಕರೆಯುವ ಆಸೆ ನನಗಿಲ್ಲ. ಈಗಂತೂ ಆ ಹತ್ತು ಕೈಗಳೂ ಚದುರಿವೆ. ಗಂಡಸರು ಗೋವಾಕ್ಕೆ ದುಡಿಯಲು ಹೋಗುತ್ತಾರೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಮನೆಯಲ್ಲಿ ಯಾರೂ ಇರುವುದಿಲ್ಲ. ಭರತ ಹುಣ್ಣಿಮೆಗೆ ಉಳವಿ ಚೆನ್ನಬಸವೇಶ್ವರ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿಗಳು ಸಾಲಾಗಿ ನಮ್ಮ ರಸ್ತೆಗಳಲ್ಲೇ ಸಾಗುತ್ತವೆ. ಎತ್ತುಗಳ ಕೊರಳ ಗಂಟೆ, ಮೇಲೆ ಹೊದಿಸಿದ ಝೂಲಾ, ಒಳಗೆ ಅಜ್ಜಿಯಿಂದ ಮೊಮ್ಮಗುವಿನ ತನಕ ಇಡೀ ಮನೆ. ಬಹಳ ಚೆಂದದ ನೋಟ. ಅಂಥ ಒಂದೊಂದು ಮನೆಯಲ್ಲೂ ಜಾತ್ರೆಗೆ ಬಾರದೆ ಉಳಿದವರು ಯಾರು, ಯಾರಿಗಾಗಿ ಉಳಿದರು ಎಂದು ಈಗೀಗ ನನ್ನ ಮನಸ್ಸು ಕೇಳುತ್ತಿರುತ್ತದೆ.

ಬೇಕಾದದ್ದು ದೊಡ್ಡದೇನಲ್ಲ. ವರ್ಷದಲ್ಲಿ ಒಂದೆರಡು ಸಲ, ಒಂದು ವಾರವೋ ಹತ್ತು ದಿನವೋ, ಮಗ ಇನ್ನೊಂದು ಕಡೆ ಚೆನ್ನಾಗಿ ಇದ್ದು ಬರಬೇಕು. ಅಲ್ಲಿ ಅವನನ್ನು ನೋಡಿಕೊಳ್ಳಲು ಬಲ್ಲವರು ಇರಬೇಕು. ಅದರ ಖರ್ಚನ್ನು ಸರ್ಕಾರ ಕೊಡಬೇಕು, ಏಕೆಂದರೆ ಈ ಮನೆಗಳಲ್ಲಿ ಕೊಡಲು ಹಣವಿಲ್ಲ.

ಇದು ನಾನೊಬ್ಬಳೇ ಕುಳಿತು ಕಂಡ ಕನಸಲ್ಲ. ವಿಶ್ವಸಂಸ್ಥೆ 2006ರಲ್ಲಿ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಮರುವರ್ಷವೇ, 2007ರ ಅಕ್ಟೋಬರಿನಲ್ಲಿ, ಅದಕ್ಕೆ ಒಪ್ಪಿಗೆ ಕೊಟ್ಟಿತು. ಅದರ 28ನೆಯ ವಿಧಿಯಲ್ಲಿ, ಬಡತನದಲ್ಲಿರುವ ಅಂಗವಿಕಲರಿಗೂ ಅವರ ಕುಟುಂಬಗಳಿಗೂ ಸರ್ಕಾರ ಕೊಡಬೇಕಾದ ನೆರವಿನ ಸಾಲಿನಲ್ಲಿ ತರಬೇತಿ, ಆಪ್ತಸಲಹೆ, ಹಣದ ಸಹಾಯದ ಜೊತೆಗೆ ಇಂಥ ಬಿಡುವಿನ ಆರೈಕೆಯನ್ನೂ ಹೆಸರು ಹಿಡಿದು ಹೇಳಿದೆ. ಅದಕ್ಕೂ ಮೊದಲೇ, 1999ರಲ್ಲಿ, ನಮ್ಮ ಸಂಸತ್ತು ರಾಷ್ಟ್ರೀಯ ನ್ಯಾಸ ಕಾಯ್ದೆ ಮಾಡಿತ್ತು. ಜನ ಇದನ್ನು ನ್ಯಾಷನಲ್ ಟ್ರಸ್ಟ್ ಅಂತಲೇ ಕರೆಯುವುದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಈ ನಾಲ್ಕು ಬಗೆಯವರಿಗಾಗಿ ಇರುವ ಕಾಯ್ದೆ. ಅದರ ಉದ್ದೇಶಗಳಲ್ಲಿ ಎರಡು ಮಾತು ನನಗೆ ಬಹಳ ಮುಖ್ಯ ಅನ್ನಿಸುತ್ತವೆ. ಇಂಥವರು ತಮ್ಮ ಸಮುದಾಯದ ನಡುವೆ, ಸಾಧ್ಯವಾದಷ್ಟು ಅದರ ಹತ್ತಿರವೇ ಬಾಳಬೇಕು ಅನ್ನುವುದು ಒಂದು. ಮನೆಯಲ್ಲಿ ಬಿಕ್ಕಟ್ಟು ಬಂದಾಗ ನೋಂದಾಯಿತ ಸಂಸ್ಥೆಗಳ ಮೂಲಕ ಅಗತ್ಯ ಸೇವೆ ಒದಗಿಸಬೇಕು ಅನ್ನುವುದು ಇನ್ನೊಂದು. ಈ ಎರಡನೆಯ ಉದ್ದೇಶಕ್ಕಾಗಿ 'ಸಮರ್ಥ್' ಎಂಬ ಯೋಜನೆ ಬಂತು. ಕುಟುಂಬಕ್ಕೆ ಕಷ್ಟ ಬಂದಾಗ ಇರಿಸಿಕೊಳ್ಳುವ ವಸತಿ ಕೇಂದ್ರವನ್ನು ಸಂಸ್ಥೆಗಳು ನಡೆಸಬೇಕು, ನ್ಯಾಸ ಹಣ ಕೊಡಬೇಕು. ಯೋಜನೆ ಒಳ್ಳೆಯದು. ಆದರೆ ಅದು ಕಟ್ಟಡ, ಸಿಬ್ಬಂದಿ, ಒಂದೇ ಸೂರಿನಡಿ ಬಹಳ ಜನ ಎಂಬ ಲೆಕ್ಕದ್ದು. ನಗರಕ್ಕೆ ಸರಿಹೋಗುತ್ತದೆ. ಜೋಯಿಡಾಕ್ಕೆ ಅಲ್ಲ.

ಜೋಯಿಡಾ ಅಂದರೆ ಏನು ಅಂತ ಹೊರಗಿನವರಿಗೆ ಸ್ವಲ್ಪ ಹೇಳಬೇಕು. ವಿಸ್ತಾರದಲ್ಲಿ ಬಹಳ ದೊಡ್ಡ ತಾಲೂಕು, ಜನ ಮಾತ್ರ 2011ರ ಗಣತಿಯಂತೆ ಐವತ್ತು ಸಾವಿರದ ಆಸುಪಾಸು. ಬಹುಪಾಲು ಕಾಡು, ಅದರಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಸೂಪಾ ಅಣೆಕಟ್ಟಿನ ನೀರಿನಲ್ಲಿ ಹಳೆಯ ತಾಲೂಕು ಕೇಂದ್ರ ಸೂಪಾ ಊರೇ ಮುಳುಗಿತು, ಜನ ರಾಮನಗರಕ್ಕೆ ಬಂದರು. ಒಂದು ಪಂಚಾಯತಿಯ ಹಳ್ಳಿಗಳು ಒಂದಕ್ಕೊಂದು ಹತ್ತಾರು ಕಿಲೋಮೀಟರ್ ದೂರ. ಒಂದು ಮಜಿರೆಯಲ್ಲಿ ಆರು ಮನೆ, ಅದರಲ್ಲೊಂದು ಮನೆಯಲ್ಲಿ ಹಾಸಿಗೆ ಹಿಡಿದ ಹುಡುಗಿ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿಯೇ ಇಲ್ಲ, ಫೋನಿನ ಸಿಗ್ನಲ್ ಗುಡ್ಡದ ನೆತ್ತಿಯಲ್ಲಿ. ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿ ಘಟ್ಟದ ಕೆಳಗೆ ಕಾರವಾರದಲ್ಲಿ. ಮುಂಡಗೋಡದವರಿಗಂತೂ ಕಾರವಾರಕ್ಕೆ ಹೋಗಿ ಬರುವುದೆಂದರೆ ಒಂದು ದಿನ ಪೂರ್ತಿ ಹೋಯಿತು. ಅವರಿಗೆ ಹುಬ್ಬಳ್ಳಿ ಹತ್ತಿರ, ಹಳಿಯಾಳದವರಿಗೆ ಧಾರವಾಡ ಹತ್ತಿರ. ಆಸ್ಪತ್ರೆಗೆ ಎಲ್ಲರೂ ಹೋಗುವುದು ಆ ಕಡೆ, ಸಹಿಗೆ ಈ ಕಡೆ.

ಮಾತಿನ ಸಂಗತಿ ಇನ್ನೂ ದೊಡ್ಡದು. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲೂಕುಗಳಲ್ಲಿ ಎಷ್ಟು ಭಾಷೆ! ಜೋಯಿಡಾದ ಕುಣಬಿಗಳದ್ದು ಕೊಂಕಣಿ, ಸಿದ್ದಿಗಳದ್ದು ತಮ್ಮದೇ ಬಗೆಯ ಕೊಂಕಣಿ, ದನಗರ ಗೌಳಿಗಳದ್ದು ಮರಾಠಿಯ ಒಂದು ಬಗೆ, ಮುಂಡಗೋಡದ ತಾಂಡಾಗಳಲ್ಲಿ ಲಂಬಾಣಿ, 1966ರಿಂದ ಅಲ್ಲೇ ನೆಲೆಸಿರುವ ಟಿಬೆಟನ್ನರದ್ದು ಟಿಬೆಟನ್. ಶಾಲೆಗೆ ಹೋದ ಹುಡುಗ ಕನ್ನಡ ಕಲಿತಾನು. ಮನೆಯ ಹೊಸ್ತಿಲು ದಾಟದೆ ಬೆಳೆದವನಿಗೆ ಅವ್ವನ ಮಾತೊಂದೇ ಮಾತು. ಅವನಿಗೆ ಬರುವ ಹತ್ತು ಹನ್ನೆರಡು ಮಾತುಗಳಲ್ಲಿ 'ಉದಕ' ಒಂದು ಅನ್ನಿ. ಅವನನ್ನು ಬೆಂಗಳೂರಿನ ಒಂದು ಕೇಂದ್ರದಲ್ಲಿ ಬಿಟ್ಟರೆ, ಎಲ್ಲ ಸೌಕರ್ಯವಿದ್ದರೂ, ಒಳ್ಳೆಯ ಜನರಿದ್ದರೂ, ಅವನು 'ಉದಕ ಉದಕ' ಅಂತ ಒರಲಿದರೆ ಯಾರು ನೀರು ಕೊಡಬೇಕು? ಸಮುದಾಯದ ಹತ್ತಿರವೇ ಇರಬೇಕು ಎಂದು ಕಾಯ್ದೆ ಹೇಳಿದ್ದರ ಬೆಲೆ ನನಗೆ ಮನದಟ್ಟಾಗುವುದು ಇಲ್ಲಿ. ದೂರದ ನೂರು ಹಾಸಿಗೆಯ ಕಟ್ಟಡಕ್ಕಿಂತ ಪಕ್ಕದೂರಿನ ಎರಡು ಹಾಸಿಗೆಯ ಮನೆ ನಮಗೆ ಬೇಕು.

ಬೇರೆ ದೇಶದವರು ಇದನ್ನು ಹೇಗೆ ಮಾಡಿಕೊಂಡಿದ್ದಾರೆ ಅಂತ ನೋಡಿದರೆ ಕಣ್ಣು ತೆರೆಯುತ್ತದೆ. ಜರ್ಮನಿಯಲ್ಲಿ 1995ರಿಂದ ಆರೈಕೆ ವಿಮೆ ಇದೆ, ದುಡಿಯುವವರ ಸಂಬಳದಿಂದಲೇ ಅದಕ್ಕೊಂದು ಪಾಲು ಮುರಿಯುತ್ತಾರೆ. ಮನೆಯಲ್ಲಿ ನೋಡಿಕೊಳ್ಳುವವರು ರಜೆ ಹೋಗಲಿ, ಕಾಯಿಲೆ ಬೀಳಲಿ, ಆ ದಿನಗಳಿಗೆ ಬದಲಿ ಆರೈಕೆಗೋ ಅಲ್ಪಾವಧಿಯ ವಸತಿಗೋ ಬಳಸಿಕೊಳ್ಳಲು ವರ್ಷಕ್ಕೆ ಇಂತಿಷ್ಟು ಅಂತ ಹಣ ಮೀಸಲು. 2025ರ ಜುಲೈಯಿಂದ ಎರಡನ್ನೂ ಕೂಡಿಸಿ 3539 ಯೂರೋ ಮಾಡಿದ್ದಾರೆ. ಇಂಗ್ಲೆಂಡಿನಲ್ಲಿ ಅಂಗವಿಕಲ ಮಕ್ಕಳನ್ನು ನೋಡಿಕೊಳ್ಳುವವರಿಗೆ ಬಿಡುವು ಒದಗಿಸುವುದು ಸ್ಥಳೀಯ ಆಡಳಿತದ ಕರ್ತವ್ಯ ಎಂದು 2011ರಲ್ಲಿ ನಿಯಮವನ್ನೇ ತಂದರು. ಅದರಲ್ಲಿ ನನಗೆ ಹಿಡಿಸಿದ್ದು ಒಂದು ವಿಚಾರ. ಇನ್ನು ಆಗುವುದಿಲ್ಲ ಎಂದು ಕುಸಿದು ಬಿದ್ದವರಿಗೆ ಮಾತ್ರವಲ್ಲ, ಹೇಗೋ ನಡೆಸಿಕೊಂಡು ಹೋಗುತ್ತಿರುವವರಿಗೂ ಬಿಡುವು ಕೊಡಬೇಕು, ಕೊಟ್ಟರೆ ಇನ್ನೂ ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಅಲ್ಲಿ ಒಪ್ಪಿಕೊಂಡಿದ್ದಾರೆ. ಆಸ್ಟ್ರೇಲಿಯಾದಲ್ಲಿ 2013ರಲ್ಲಿ ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆ ಶುರುವಾಯಿತು. ಅಲ್ಲಿ ಅಂಗವಿಕಲ ವ್ಯಕ್ತಿಯ ಹೆಸರಿನಲ್ಲೇ ಯೋಜನೆ ತಯಾರಾಗುತ್ತದೆ. ಅಗತ್ಯ ಕಂಡರೆ ವರ್ಷಕ್ಕೆ ಸಾಮಾನ್ಯವಾಗಿ 28 ದಿನದವರೆಗೆ ಅಲ್ಪಾವಧಿಯ ವಸತಿಗೆ ಹಣ ಸಿಗುತ್ತದೆ. ಆದರೆ ಅದು ಅಲ್ಲಿಯ ಪ್ರಜೆಗಳಿಗೆ, ಕಾಯಂ ವಾಸಿಗಳಿಗೆ. ಕೆಲಸದ ವೀಸಾದ ಮೇಲೆ ಹೋದ ನಮ್ಮ ಕನ್ನಡದ ಕುಟುಂಬಗಳಲ್ಲಿ ಆಟಿಸಂ ಇರುವ ಮಗು ಇದ್ದರೆ, ಕಾಯಂ ವಾಸದ ಕಾಗದ ಕೈಗೆ ಬರುವ ತನಕ ಅವರ ಸ್ಥಿತಿ ನಮ್ಮ ಓಣಿಯ ತಾಯಿಯ ಸ್ಥಿತಿಯೇ. ಅಲ್ಲಿ ಜಗಲಿಗೆ ಬಂದು ಕೂರುವ ನೆರೆಯವರೂ ಇರುವುದಿಲ್ಲ.

ಅಷ್ಟು ದೂರ ಬೇಡ, ನಮ್ಮ ಪಕ್ಕದ ಕಾಸರಗೋಡಿಗೇ ಬರೋಣ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರುಗಳು ಅಲ್ಲಿವೆ. ಎಣ್ಮಕಜೆ ಪಂಚಾಯತಿಯ ಪಡ್ರೆಯಲ್ಲಿ ವೈದ್ಯರಾದ ವೈ. ಎಸ್. ಮೋಹನ್ ಕುಮಾರ್ ತಮ್ಮ ಬಳಿ ಬರುವ ರೋಗಿಗಳಲ್ಲಿ ಕಂಡದ್ದನ್ನು ಬರೆದಿಟ್ಟರು, ಪತ್ರಕರ್ತ ಶ್ರೀಪಡ್ರೆ ಲೋಕಕ್ಕೆ ಸಾರಿದರು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಲ್ಲಿಸಿತು. ಆದರೆ ಅದರ ಪೆಟ್ಟು ತಿಂದು ಹುಟ್ಟಿದ ಮಕ್ಕಳು ಹುಟ್ಟಿಯಾಗಿತ್ತು. ಆ ಪಂಚಾಯತಿಗಳಲ್ಲಿ ಈಗ 'ಬಡ್ಸ್' ಶಾಲೆಗಳಿವೆ. ಅವನ್ನು ನಡೆಸುವುದು ಸ್ಥಳೀಯ ಪಂಚಾಯತಿಗಳೇ. ಹಗಲು ಹೊತ್ತು ಮಕ್ಕಳನ್ನು ಅಲ್ಲಿ ನೋಡಿಕೊಳ್ಳುತ್ತಾರೆ. ಹಾಸಿಗೆ ಹಿಡಿದವರ ಆರೈಕೆಯಲ್ಲೇ ಇರುವವರಿಗೆ 'ಆಶ್ವಾಸಕಿರಣಂ' ಎಂಬ ಹೆಸರಿನಲ್ಲಿ ಕೇರಳ ಸರ್ಕಾರ ತಿಂಗಳಿಗೆ 600 ರೂಪಾಯಿ ಗೊತ್ತುಮಾಡಿದೆ. ಹಣ ಸಣ್ಣದು, ಆದರೆ ನೋಡಿಕೊಳ್ಳುವುದೂ ಒಂದು ದುಡಿಮೆ ಎಂದು ಒಂದು ಸರ್ಕಾರ ಒಪ್ಪಿಕೊಂಡದ್ದು ಸಣ್ಣದಲ್ಲ. ನಮ್ಮ ದಕ್ಷಿಣ ಕನ್ನಡದಲ್ಲೂ ಕೊಕ್ಕಡ, ಕೊಯಿಲಗಳಲ್ಲಿ ಎಂಡೋಸಲ್ಫಾನ್ ಪೀಡಿತರಿಗೆ ಹಗಲಿನ ಆರೈಕೆ ಕೇಂದ್ರಗಳಾದವು. ಅದಾದ ಮೇಲೂ ಅಲ್ಲಿಯವರು ಬಿಡದೆ ಕೇಳಿದ್ದು ರಾತ್ರಿಯೂ ಇರಬಹುದಾದ ನೆಲೆಯನ್ನು. ಹಗಲಿನ ಕೇಂದ್ರ ತಾಯಿಗೆ ಕೂಲಿಗೆ ಹೋಗಲು ದಾರಿ ಮಾಡುತ್ತದೆ. ಆಪರೇಷನ್ನಿಗೆ ಹೋಗಲು, ಅಣ್ಣನ ಮಗಳ ಮದುವೆಗೆ ಹೋಗಲು, ಬರೇ ಒಂದು ರಾತ್ರಿ ನಡುವೆ ಏಳದೆ ನಿದ್ದೆ ಮಾಡಲು ಅದು ಸಾಲದು.

ನಮ್ಮ ರಾಜ್ಯ ಏನೂ ಕೊಡುವುದಿಲ್ಲ ಎಂದಲ್ಲ. ಶೇ. 75 ಮೀರಿದ ಅಂಗವೈಕಲ್ಯಕ್ಕೆ ತಿಂಗಳಿಗೆ 1400 ರೂಪಾಯಿ ಪಿಂಚಣಿ, ಬುದ್ಧಿಮಾಂದ್ಯತೆ ಇರುವವರಿಗೆ 2000. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ ಸಾವಿರ ರೂಪಾಯಿ ಎಂದು 2024-25ರ ಬಜೆಟ್ಟಿನಲ್ಲಿ ಹೇಳಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತಿದೆ. ಇದೆಲ್ಲ ಸಿಗಲೇಬೇಕು. ಆದರೆ ಹಣ ಕೈಗೆ ಬಂದ ಮಾತ್ರಕ್ಕೆ ಬದಲಿ ಕೈ ಬರುವುದಿಲ್ಲ. ಈ ಹಣ ಹಿಡಿದುಕೊಂಡು ನಮ್ಮ ಓಣಿಯ ತಾಯಿ ಯಾರ ಮನೆ ಬಾಗಿಲು ತಟ್ಟಬೇಕು? ಬಾಗಿಲು ಒಂದಿದೆ, ಅದು ತೆರೆಯುತ್ತದೆ, ಒಳಗಿರುವವರಿಗೆ ಕೆಲಸ ಗೊತ್ತಿದೆ ಅನ್ನುವ ಏರ್ಪಾಡು ಬೇಕಾಗಿದೆ.

ಆ ಏರ್ಪಾಡಿನ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಮೊದಲ ಕೆಲಸ ಮನೆ ಹುಡುಕುವುದು. ಹೊಸ ಕಟ್ಟಡ ಬೇಡ. ಪಾರ್ಶ್ವವಾಯು ಆದ ಅತ್ತೆಯನ್ನು ಹತ್ತು ವರ್ಷ ನೋಡಿಕೊಂಡ ಸೊಸೆ ಪ್ರತಿ ಊರಿನಲ್ಲೂ ಇದ್ದಾಳೆ. ಅಂಗನವಾಡಿ ಸಹಾಯಕಿಯಾಗಿ ನಿವೃತ್ತಳಾದವಳು ಇದ್ದಾಳೆ. ವಾರಾಂತ್ಯ ಮಾತ್ರ ತುಂಬಿ ಸೋಮವಾರದಿಂದ ಗುರುವಾರ ಖಾಲಿ ಬೀಳುವ ಹೋಮ್‌ಸ್ಟೇಗಳಿವೆ, ಮಳೆಗಾಲದಲ್ಲಂತೂ ರಾಫ್ಟಿಂಗ್ ನಿಂತಾಗ ವಾರಗಟ್ಟಲೆ ಖಾಲಿ. ಹಳಿಯಾಳಕ್ಕೆ ಎರಡು ಮನೆ, ದಾಂಡೇಲಿಗೆ ಎರಡು, ಮುಂಡಗೋಡಕ್ಕೆ ಎರಡು, ಜೋಯಿಡಾಕ್ಕೆ ದಿಕ್ಕಿಗೊಂದರಂತೆ ನಾಲ್ಕು. ಬಾಗಿಲಿಗೆ ಒಂದು ಇಳಿಜಾರು, ಬಚ್ಚಲಿಗೆ ಒಂದು ಹಿಡಿಗಂಬಿ, ವೀಲ್‌ಚೇರ್ ಹೋಗುವಷ್ಟು ಅಗಲ. ಕಲಿಸಲು ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆ ಇದೆ. ಧಾರವಾಡದ ಡಿಮ್ಹಾನ್ಸ್ ಇದೆ. 1845ರಷ್ಟು ಹಿಂದೆ ಹುಚ್ಚಾಸ್ಪತ್ರೆಯಾಗಿ ಹುಟ್ಟಿದ ಅದು ಈಗ ದೊಡ್ಡ ಮಾನಸಿಕ ಆರೋಗ್ಯ ಸಂಸ್ಥೆ. ಫಿಟ್ಸ್ ಬಂದಾಗ ಏನು ಮಾಡಬೇಕು, ಏನು ಮಾಡಬಾರದು, ಸೊಂಟಕ್ಕೆ ಪೆಟ್ಟಾಗದಂತೆ ಎತ್ತುವುದು ಹೇಗೆ, ಬೆನ್ನಿಗೆ ಹುಣ್ಣಾಗದಂತೆ ಮಲಗಿಸುವುದು ಹೇಗೆ ಎಂದು ಹದಿನೈದು ದಿನ ಕಲಿಸಿದರೆ ನಮ್ಮ ಹೆಂಗಸರು ಕಲಿಯುತ್ತಾರೆ.

ಹಣದ ಲೆಕ್ಕ ಮಾಡಿದ್ದೇನೆ. 2025-26ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ನಮ್ಮಲ್ಲಿ ದಿನಕ್ಕೆ 370 ರೂಪಾಯಿ. ಹಗಲಿಗೊಬ್ಬರು, ರಾತ್ರಿಗೊಬ್ಬರು ಎಂದರೆ 740. ಊಟ, ಸೋಪು, ಡೈಪರ್ ಸೇರಿ 900ಕ್ಕೆ ಮುಟ್ಟಿಸೋಣ. ಒಂದು ವಾರಕ್ಕೆ 6300. ವರ್ಷಕ್ಕೆ ಎರಡು ವಾರ ಒಬ್ಬರಿಗೆ 12,600. ಪ್ರವಾಸಿಗಳ ಒಂದು ಕುಟುಂಬ ನಮ್ಮ ಕಾಡಿನಲ್ಲಿ ಎರಡು ರಾತ್ರಿಗೆ ಇಷ್ಟು ಹಣವನ್ನು ಸಲೀಸಾಗಿ ಖರ್ಚು ಮಾಡಿ ಹೋಗುತ್ತದೆ. ಗ್ರಾಮ ಪಂಚಾಯತಿಗಳೂ ಪಟ್ಟಣದ ಆಡಳಿತಗಳೂ ತಮ್ಮ ಸಂಪನ್ಮೂಲದಲ್ಲಿ ಶೇ. 5ನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕು ಅನ್ನುವ ನಿಯಮ ಇದೆ. ಬಹಳ ಕಡೆ ಅದು ಸಾಧನ ಸಲಕರಣೆಗಳಿಗೋ ಸಣ್ಣ ಸಹಾಯಧನಕ್ಕೋ ಹೋಗುತ್ತದೆ. ತ್ರಿಚಕ್ರ ವಾಹನ ಬೇಡ ಅನ್ನುವುದಿಲ್ಲ, ಆದರೆ ಅದರಲ್ಲಿ ಕೂರಲಾರದವರ ಪಾಲು ಎಲ್ಲಿ? ರೆಸಾರ್ಟುಗಳ ತೆರಿಗೆ ಬರುವ ಪಂಚಾಯತಿಯ ಶೇ. 5 ಸ್ವಲ್ಪ ದೊಡ್ಡದಾದೀತು, ಕಾಡೊಳಗಿನ ಪಂಚಾಯತಿಯ ಶೇ. 5 ಎರಡು ವಾರಕ್ಕೂ ಸಾಲದು. ಹಾಗಾಗಿ ತಾಲೂಕಿನ ಎಲ್ಲ ಪಂಚಾಯತಿಗಳ ಆ ಹಣವನ್ನು ಒಂದು ಕಡೆ ಕೂಡಿಸಬೇಕು, ಕೊರತೆಯನ್ನು ರಾಜ್ಯ ತುಂಬಬೇಕು. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ, ಹಳಿಯಾಳದಲ್ಲಿ ಸಕ್ಕರೆ ಕಾರ್ಖಾನೆ ಇವೆ. ದೊಡ್ಡ ಕಂಪನಿಗಳು ಲಾಭದ ಶೇ. 2ನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಮನೆಗಳನ್ನು ಸಜ್ಜುಮಾಡುವ ಮೊದಲ ಖರ್ಚನ್ನು ಆ ಕಡೆಯಿಂದ ಕೇಳುವುದು ನ್ಯಾಯವೇ.

ಹೊಂದಿಸುವವರು ಯಾರು? ನಮ್ಮ ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಎಲ್ಲರೂ ವಿಆರ್‌ಡಬ್ಲ್ಯೂ ಅನ್ನುತ್ತಾರೆ. ತಾಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯೂ. ಅವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು, ಸಣ್ಣ ಗೌರವಧನದ ಮೇಲೆ ದುಡಿಯುವವರು. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರ ಅಂಗವೈಕಲ್ಯದ ಗುರುತಿನ ಕಾರ್ಡು (ಯುಡಿಐಡಿ) ಇನ್ನೂ ಬಂದಿಲ್ಲ, ಯಾವ ತಾಯಿಯ ಬೆನ್ನು ಬಿದ್ದಿದೆ, ಅವರಿಗೆ ಗೊತ್ತಿರುವಷ್ಟು ಯಾವ ಕಚೇರಿಗೂ ಗೊತ್ತಿಲ್ಲ. ದಿನಾಂಕ ಗೊತ್ತುಮಾಡಿ ಮನೆ ಹೊಂದಿಸಿಕೊಡುವ ಕೆಲಸ ಅವರದಾಗಲಿ, ಅದಕ್ಕೆ ತಕ್ಕ ಹೆಚ್ಚಿನ ಹಣವೂ ಅವರಿಗೆ ಸಿಗಲಿ.

ಬಿಟ್ಟು ಹೋಗುವ ಭಯ ಸಣ್ಣದಲ್ಲ. ಮಗಳಾಗಿದ್ದರೆ ತಾಯಿಗೆ ಆ ಯೋಚನೆಯೇ ನಡುಕ ಹುಟ್ಟಿಸುತ್ತದೆ. ಆ ಭಯ ಅನಗತ್ಯ ಎಂದು ನಾನು ಹೇಳಲಾರೆ, ಮಾತಾಡಲಾರದವರ ಮೇಲೆ ಏನೇನು ನಡೆದಿದೆ ಎಂದು ನಮಗೆಲ್ಲ ಗೊತ್ತು. ಪೊಲೀಸ್ ಪರಿಶೀಲನೆ ಆಗದ ಮನೆಗೆ ಕಳಿಸಬಾರದು. ಹೆಣ್ಣುಮಕ್ಕಳ ಬಳಿ ಹೆಂಗಸರೇ ಇರಬೇಕು, ಅದೂ ಒಬ್ಬರಲ್ಲ, ಇಬ್ಬರು. ಆಶಾ ಕಾರ್ಯಕರ್ತೆ ಹೇಳದೆ ಕೇಳದೆ ಬಂದು ನೋಡಿ ಹೋಗಬೇಕು. ಮೊದಲ ಸಲವೇ ವಾರವಲ್ಲ. ಮೊದಲು ತಾಯಿಯೂ ಜೊತೆಗಿದ್ದು ಒಂದು ಹಗಲು, ಆಮೇಲೆ ಒಂದು ರಾತ್ರಿ, ಆಮೇಲೆ ಮೂರು. ಇದಕ್ಕೆ ಸಮಯ ಬೇಕು. ಅದಕ್ಕೇ ಬಿಕ್ಕಟ್ಟು ಬಂದ ಮೇಲೆ ಹುಡುಕುವ ಆರೈಕೆ ಕೆಲಸಕ್ಕೆ ಬರುವುದಿಲ್ಲ. ತಾಯಿ ಆಸ್ಪತ್ರೆಯ ಸ್ಟ್ರೆಚರಿನ ಮೇಲಿದ್ದಾಗ ಗುರುತಿಲ್ಲದ ಮನೆಗೆ ಒಯ್ದು ಬಿಟ್ಟರೆ ಆ ಮಗ ಅನ್ನ ನುಂಗುವುದಿಲ್ಲ.

ಒಂದು ಪುಸ್ತಕವೂ ಬೇಕು, ಶಾಲೆ ಮಕ್ಕಳ ನೂರು ಪುಟದ ನೋಟ್‌ಬುಕ್ ಸಾಕು. ನಮ್ಮ ಓಣಿಯ ತಾಯಿಗೆ ಬರೆಯಲು ಬರುವುದಿಲ್ಲ, ಆಕೆ ಹೇಳಿದ್ದನ್ನು ನಾನು ಬರೆಯಲು ಶುರುಮಾಡಿದ್ದೇನೆ. ಸ್ಟೀಲ್ ಲೋಟ ಹಲ್ಲಿಗೆ ತಾಗಿದರೆ ಕಚ್ಚಿ ಹಿಡಿಯುತ್ತಾನೆ, ಪ್ಲಾಸ್ಟಿಕ್ ಲೋಟ ಕೊಡಿ. ಫಿಟ್ಸಿನ ಔಷಧ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ, ಊಟ ಆದ ಮೇಲೆ. ಬಲ ಮಗ್ಗುಲಿಗೆ ಮಲಗಿಸಿದರೆ ನಿದ್ದೆ ಬರುತ್ತದೆ, ಮೊಣಕಾಲಿನ ನಡುವೆ ದಿಂಬು. ಎಡಗಣ್ಣು ಪದೇ ಪದೇ ಮುಚ್ಚಿದರೆ ಹೊಟ್ಟೆ ನೋಯುತ್ತಿದೆ ಅಂತ ಅರ್ಥ. ಗುಡುಗಿಗೆ ಹೆದರುತ್ತಾನೆ, ಕೈ ಹಿಡಿದುಕೊಂಡರೆ ಸಾಕು. ಭಜನೆಯ ತಾಳ ಕೇಳಿದರೆ ಖುಷಿ. ಇಪ್ಪತ್ತು ವರ್ಷ ಒಬ್ಬಳ ತಲೆಯಲ್ಲಿ ಮಾತ್ರ ಇದ್ದ ವಿದ್ಯೆ ಇದು. ಆಕೆಗೆ ಏನಾದರೂ ಆದರೆ ಇದೆಲ್ಲ ಆಕೆಯ ಜೊತೆಗೇ ಹೋಗುತ್ತದೆ ಅನ್ನುವುದು ಬರೆಯುವಾಗ ನನಗೆ ಹೊಳೆದು ಎದೆ ಧಸಕ್ಕೆಂದಿತು.

ತಾಯಿಯ ಬಿಡುವಿನ ಮಾತೇ ಆಡುತ್ತ ಬಂದೆ, ಹೋಗಿ ಇರುವವರ ಕಡೆಯಿಂದಲೂ ನೋಡಬೇಕು. ಮುಂಡಗೋಡದ ಕಡೆಯ ಒಬ್ಬ ಹುಡುಗಿ, ಸೊಂಟದ ಕೆಳಗೆ ಸ್ವಾಧೀನವಿಲ್ಲ, ಬುದ್ಧಿ ಬಹಳ ಚುರುಕು. ತಾಯಿಗೆ ಕೈ ಮುರಿದಾಗ ದಾಂಡೇಲಿಯ ಚಿಕ್ಕಮ್ಮನ ಮನೆಯಲ್ಲಿ ಕೆಲವು ದಿನ ಇದ್ದಳು. ಅಲ್ಲಿ ಹೊಳೆ ನೋಡಿದಳು, ಸಂತೆಗೆ ಹೋದಳು, ಅಲ್ಲಿಯ ಹುಡುಗಿಯರ ಜೊತೆ ರಾತ್ರಿ ತನಕ ಹರಟೆ ಹೊಡೆದಳು. ಮರಳಿ ಬಂದ ಮೇಲೆ ಆಕೆ ನನಗೆ ಹೇಳಿದ್ದು, "ನಮ್ಮವ್ವಗೂ ನನ್ನಿಂದ ಬ್ಯಾಸರ ಆಗತೈತಿ, ನನಗೂ ನಮ್ಮವ್ವನಿಂದ ಬ್ಯಾಸರ ಆಗತೈತಿ ಅಕ್ಕಾರ. ಅದನ್ನ ಅಂದ್ರ ಎಲ್ಲಾರೂ ಬೈತಾರ." ಬೈಯುವಂಥದ್ದು ಅದರಲ್ಲಿ ಏನಿದೆ? ಬೆಳೆದ ಮಗಳಿಗೆ ಬೇರೆ ಊರು, ಬೇರೆ ಮುಖ, ಬೇರೆ ಕೈಯಡುಗೆ ಬೇಡವೇ? ಆದ್ದರಿಂದ ಎಲ್ಲಿ ಇರಬೇಕು, ಯಾರ ಜೊತೆ ಇರಬೇಕು, ಯಾವಾಗ ಹೋಗಬೇಕು ಎಂದು ಹೇಳಬಲ್ಲವರನ್ನು ಮೊದಲು ಕೇಳಬೇಕು. ಹೇಳಲಾರದವರನ್ನು ಮೊದಲ ರಾತ್ರಿಯೇ ಗಮನಿಸಿ ತಿಳಿಯಬೇಕು. ಅವರು ಆ ಮನೆಗೆ ಬಂದ ಅತಿಥಿಗಳು.

ಪಂಚಾಯತಿಗಳ ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಬೇಡಿಕೆ ಸೇರಿಸುವುದು ವಾರ್ಡ್ ಸಭೆ, ಗ್ರಾಮಸಭೆಗಳಲ್ಲಿ. ಶೇ. 5ರ ಹಣದಲ್ಲಿ ಇಂತಿಷ್ಟು ಅಲ್ಪಾವಧಿಯ ವಸತಿ ಆರೈಕೆಗೆ ಎಂದು ಒಂದು ಸಾಲು ಅಲ್ಲಿ ಬರೆಸಬೇಕು. ಆ ಸಾಲು ಬರೆಸಲು ಎಲ್ಲರಿಗಿಂತ ಹೆಚ್ಚು ಹಕ್ಕು ಇರುವವರು ಆ ತಾಯಂದಿರು. ಆದರೆ ಅವರು ಸಭೆಗೆ ಬರಲಾರರು, ಬರುವಷ್ಟು ಹೊತ್ತು ಮಗನನ್ನು ನೋಡಿಕೊಳ್ಳುವವರು ಮನೆಯಲ್ಲಿ ಇಲ್ಲ. ಆದ್ದರಿಂದ ಅವರ ಪಕ್ಕದ ಮನೆಯವರಾದ ನಾವು ಹೋಗಬೇಕು. ಇಲ್ಲವೇ ಸಭೆಯ ದಿನ ಒಂದೆರಡು ತಾಸು ಆ ಮಗನ ಬಳಿ ಕುಳಿತು, ಅವನಿಗೆ ಊಟ ಮಾಡಿಸುವುದನ್ನು ಕಲಿತು, ತಾಯಿಯನ್ನೇ ಸಭೆಗೆ ಕಳಿಸಬೇಕು.